ಚಿಕ್ಕಪ್ಪ ಒಳಗೆ, ಕೀ ಒಳಗೆ

ಅಥವಾ ಚಿಕ್ಕಪ್ಪನಿಗೆ ಬಡಿಸಿದ್ದು ಬಾಳೆ ಎಲೆಯಲ್ಲೇ ಆಗಿರಲಿಲ್ಲವೇನೋ. ಸ್ಟೀಲಿನ ತಟ್ಟೆ ಇದ್ದಿರಲೂಬಹುದು. ಹಬ್ಬದ ದಿನ ಸಂಜೆಯ ಹೊತ್ತಿಗೆ ಮುಂಬೈಯ ವಡಾಲ ಸ್ಟೇಷನ್ನಿನ ಹೊರಗೆ ಬಾಳೆ ಎಲೆ ಉಳಿದಿರುವುದಿಲ್ಲ, ಆದರೆ ನಾನು ಎಲೆ ತಂದದ್ದು ಸಂಜೆಯೇ ಎಂದು ನನ್ನ ನೆನಪು. ಹಾಗಾದರೆ ಒಂದೋ ಎಲೆ ಸುಳ್ಳು, ಇಲ್ಲವೇ ಸಂಜೆ ಸುಳ್ಳು. ಆ ವರ್ಷ ದೀಪಾವಳಿಯೂ ಹ್ಯಾಲೋವೀನೂ ಒಂದೇ ದಿನ ಬಂದಿದ್ದವು ಎನ್ನುವುದರ ಮೇಲೂ ನನಗೆ ಅನುಮಾನವಿದೆ. ಹಳೆಯ ಕ್ಯಾಲೆಂಡರ್ ನೋಡಿದರೆ ಗೊತ್ತಾಗುತ್ತದೆ. ನಾನು ನೋಡಿಲ್ಲ. ನೋಡಿ, ಹಾಗೇನೂ ಬಂದಿರಲಿಲ್ಲ ಎಂದು ತಿಳಿದರೆ ಬರೆಯುವ ಹುಮ್ಮಸ್ಸೇ ಹೋದೀತು.

ಖಚಿತವಾಗಿ ಹೇಳಬಲ್ಲದ್ದು ಇಷ್ಟು. ಹತ್ತು ಹನ್ನೆರಡು ವರ್ಷಗಳ ಹಿಂದೆ ಅಂಥದೊಂದು ಸಂಜೆ ನಾನೂ ನನ್ನ ಚಿಕ್ಕಮ್ಮನೂ ವಡಾಲದ ಒಂದು ಹಳೆಯ ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ, ಅವಳದೇ ಮನೆಯ ಹೊರಗೆ, ಪ್ಯಾಸೇಜಿನಲ್ಲಿ ನಿಂತಿದ್ದೆವು. ಬಾಗಿಲು ಲಾಕ್ ಆಗಿತ್ತು. ಒಳಗೆ ಚಿಕ್ಕಪ್ಪ ಊಟ ಮಾಡುತ್ತಿದ್ದರು. ಚಿಕ್ಕಪ್ಪ ತೀರಿಕೊಂಡು ಆಗ ಆರು ವರ್ಷವಾಗಿತ್ತು.

ದಕ್ಷಿಣ ಕನ್ನಡದ ನಮ್ಮಂಥ ಮನೆಗಳಲ್ಲಿ ದೀಪಾವಳಿಗೆ ಸತ್ತ ಹಿರಿಯರಿಗೆ ಬಡಿಸುವ ಕ್ರಮವಿದೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಪಕ್ಕದಲ್ಲಿ ದೀಪವಿಟ್ಟು, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬರಬೇಕು. ಬದುಕಿರುವವರು ನೋಡುತ್ತಿದ್ದರೆ ಅವರಿಗೆ ಉಣ್ಣಲು ಸಂಕೋಚ. ಸ್ವಲ್ಪ ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ ಒಳಗೆ ಹೋಗಬೇಕು. ಊರಿನ ಮನೆಗಳಲ್ಲಿ ಇದಕ್ಕೆ ಒಳಕೋಣೆ ಇರುತ್ತದೆ, ಉಳಿದವರು ಚಾವಡಿಯಲ್ಲಿ ಕೂತು ಹರಟುತ್ತಾರೆ. ಚಿಕ್ಕಮ್ಮನ ಮನೆಯೆಂದರೆ ಒಂದು ರೂಮು, ಒಂದು ಅಡಿಗೆಮನೆ. ಸತ್ತವರಿಗೆ ಏಕಾಂತ ಕೊಡಬೇಕಾದರೆ ಬದುಕಿರುವವರು ಬೀದಿಗೆ ಬೀಳಬೇಕು.

ಚಿಕ್ಕಪ್ಪ ಮೂವತ್ತು ವರ್ಷ ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ದೋಸೆಯ ಕಾವಲಿಯ ಮುಂದೆ ನಿಂತವರು. ದೋಸೆಯ ವಾಸನೆಯೇ ಮನೆಗೆ ಬರಬಾರದು ಅನ್ನುತ್ತಿದ್ದರು. ಹಾಗಾಗಿ ಬಡಿಸಿದ್ದು ಕುಚ್ಚಲಕ್ಕಿ ಅನ್ನ, ಕೋಳಿ ಸುಕ್ಕ, ಒಣಮೀನಿನ ಚಟ್ನಿ, ಎರಡು ಬಂಗುಡೆ ಮೀನಿನ ಫ್ರೈ. ಕುಡಿಯುತ್ತಿದ್ದವರಿಗೆ ಒಂದು ಕ್ವಾರ್ಟರ್ ಇಡುವ ರೂಢಿಯೂ ಉಂಟು. ತರಬೇಕಾ ಎಂದು ಕೇಳಿದ್ದೆ.

"ಬೇಡ," ಅಂದಿದ್ದಳು ಚಿಕ್ಕಮ್ಮ. "ಆರು ವರ್ಷ ಆಯ್ತು ಬಿಟ್ಟು. ಪುನಃ ಯಾಕೆ ಅಭ್ಯಾಸ?"

ನಾನು ಅಲ್ಲಿಗೆ ಹೋದದ್ದು ಭಕ್ತಿಯಿಂದಲ್ಲ. ಅಮ್ಮ ಫೋನಿನಲ್ಲಿ ಅಪ್ಪಣೆ ಕೊಟ್ಟಿದ್ದಳು: ಹೇಗಾದರೂ ಮಾಡಿ ತಂಗಿಯ ಸಹಿ ಹಾಕಿಸು. ಆ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟುವುದಕ್ಕೆ ಬಿಲ್ಡರ್ ತಯಾರಿದ್ದ. ಎಲ್ಲರೂ ಸಹಿ ಹಾಕಿದ್ದರು, ಚಿಕ್ಕಮ್ಮನನ್ನು ಬಿಟ್ಟು. ಬಾಲ್ಕನಿಗಳ ಸಿಮೆಂಟು ಕಳಚಿ ಬೀಳುತ್ತಿತ್ತು. ಮೆಟ್ಟಿಲಿಗೆ ಕಬ್ಬಿಣದ ಕಂಬ ಕೊಟ್ಟು ನಿಲ್ಲಿಸಿದ್ದರು. ಆದರೂ ಚಿಕ್ಕಮ್ಮ ಒಪ್ಪಿರಲಿಲ್ಲ. ಅವಳ ತಕರಾರು ಬಿಲ್ಡರ್ ಬಗ್ಗೆ ಅಲ್ಲವೇ ಅಲ್ಲ. ಮೂರು ವರ್ಷ ಕುರ್ಲಾದಲ್ಲಿ ಬಾಡಿಗೆ ಮನೆಯಲ್ಲಿರಬೇಕು. ಆಗ ದೀಪಾವಳಿಗೆ ಚಿಕ್ಕಪ್ಪ ಎಲ್ಲಿಗೆ ಬರುವುದು? ಮಕ್ಕಳಿಲ್ಲದ ಅವಳಿಗೆ ವರ್ಷಕ್ಕೊಮ್ಮೆ ಬರುವ ನೆಂಟರೆಂದರೆ ಅವರೊಬ್ಬರೇ.

"ಇಲ್ಲಿಗೆ ಬಂದು ನೋಡ್ತಾರೆ, ಗೋಡೆಯೇ ಇಲ್ಲ. ಆಗ?"

"ಹೊಸ ಬಿಲ್ಡಿಂಗ್ ಆದ ಮೇಲೆ ಬರ್ತಾರೆ ಚಿಕ್ಕಮ್ಮ. ಲಿಫ್ಟ್ ಇರ್ತದೆ."

"ಲಿಫ್ಟ್ ಅಂದ್ರೆ ಹೆದರಿಕೆ ಅವರಿಗೆ. ನಿಂಗೆ ಗೊತ್ತಿಲ್ಲ."

ಈ ವರ್ಷ ಬಡಿಸುವಾಗ ಅವರನ್ನೇ ಕೇಳುತ್ತೇನೆ, ಅವರು ಹೇಳಿದ ಹಾಗೆ ಮಾಡುತ್ತೇನೆ ಎಂದು ಅವಳು ಬಿಲ್ಡಿಂಗಿನ ಇಡೀ ಸೊಸೈಟಿಗೆ ಹೇಳಿಬಿಟ್ಟಿದ್ದಳು. ನಲವತ್ತು ಸಂಸಾರಗಳು ಒಬ್ಬ ಸತ್ತ ದೋಸೆ ಬಾಣಸಿಗನ ಉತ್ತರಕ್ಕೆ ಕಾಯುತ್ತಿದ್ದವು. ನಲವತ್ತೋ, ಇಪ್ಪತ್ತನಾಲ್ಕೋ. ನಲವತ್ತು ಬರೆಯಲು ಚೆನ್ನಾಗಿದೆ.

ಊರಿನಲ್ಲಿ ಬಾಗಿಲು ಎಳೆದರೆ ಎಳೆದಷ್ಟೇ. ಮುಂಬೈಯ ಲ್ಯಾಚು ಹಾಗಲ್ಲ, ಎಳೆದ ತಕ್ಷಣ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಪ್ರತಿ ವರ್ಷ ಚಿಕ್ಕಮ್ಮ ಕೀ ಸೊಂಟಕ್ಕೆ ಸಿಕ್ಕಿಸಿಕೊಂಡೇ ಹೊರಬರುತ್ತಿದ್ದಳು. ಆ ದಿನ ನಾವಿಬ್ಬರೂ ಸಹಿಯ ಬಗ್ಗೆ ಜಗಳವಾಡುತ್ತ ಹೊರಗೆ ಬಂದೆವು. ಟಕ್. ಕೀ ಒಳಗೆ, ಫ್ರಿಜ್ಜಿನ ಪಕ್ಕದ ಮೊಳೆಯಲ್ಲಿ.

"ಬಾಗ್ಲು ಎಳ್ದದ್ದು ನೀನು," ಅಂದಳು ಚಿಕ್ಕಮ್ಮ.

"ನಾನಲ್ಲ, ನೀವು."

ಇದು ಇವತ್ತಿಗೂ ತೀರ್ಮಾನವಾಗಿಲ್ಲ. ಅವಳ ಕೈ ಹಿಡಿಯ ಮೇಲಿದ್ದ ಚಿತ್ರ ನನ್ನ ಕಣ್ಣ ಮುಂದಿದೆ. ನನ್ನ ಕೈ ಇದ್ದಿದ್ದರೆ ಅದು ನನ್ನ ಕಣ್ಣಿಗೆ ಕಾಣುತ್ತಿತ್ತೇ ಎನ್ನುವುದು ಬೇರೆ ಪ್ರಶ್ನೆ.

ಸ್ಟೇಷನ್ನಿನ ಹತ್ತಿರ ಕೀ ಮಾಡಿಕೊಡುವ ಚಾವಿವಾಲಾನಿಗೆ ಫೋನ್ ಮಾಡಿದೆ. ಅರ್ಧ ಗಂಟೆ ಅಂದ. ಬಾಗಿಲನ್ನು ಒಮ್ಮೆ ಜೋರಾಗಿ ತಳ್ಳಿ ನೋಡೋಣವೇ ಎಂದು ಕೈ ಇಟ್ಟೆ. ಚಿಕ್ಕಮ್ಮ ನನ್ನ ಕೈಗೆ ಹೊಡೆದಳು.

"ಉಣ್ಣುವಾಗ ಸದ್ದು ಮಾಡ್ಬಾರ್ದು."

"ಎಷ್ಟು ಹೊತ್ತು ಬೇಕು ಅವರಿಗೆ?"

"ಒಬ್ಬ ಮನುಷ್ಯ ಉಂಡು ಕೈ ತೊಳೆಯುವಷ್ಟು."

"ಚಿಕ್ಕಪ್ಪ ಐದು ನಿಮಿಷದಲ್ಲಿ ಮುಗಿಸ್ತಿದ್ರಲ್ಲ."

"ಅದು ಡ್ಯೂಟಿ ಇದ್ದಾಗ. ಈಗ ಎಂತ ಅರ್ಜೆಂಟ್ ಮಾರಾಯ್ತಿ ಅವರಿಗೆ?"

ಅಷ್ಟರಲ್ಲಿ ಮೆಟ್ಟಿಲಿನ ಮೇಲೆ ದೆವ್ವಗಳು ಬಂದವು. ಒಂದು ಅಸ್ಥಿಪಂಜರ, ಇಬ್ಬರು ಮಾಟಗಾತಿಯರು, ಬೆಡ್‌ಶೀಟಿಗೆ ಎರಡು ತೂತು ಕೊರೆದು ಹೊದ್ದುಕೊಂಡ ಒಂದು ಗಿಡ್ಡ ಭೂತ. ಹ್ಯಾಲೋವೀನ್ ವೇಷ ಹಾಕಿದ ಸೊಸೈಟಿಯ ಮಕ್ಕಳು. ಎಲ್ಲರ ಕೈಯಲ್ಲೂ ಚಾಕಲೇಟು ವಸೂಲಿಗೆ ಪ್ಲಾಸ್ಟಿಕ್ ಬಕೆಟ್ಟು. ಹಿಂದೆ ಸೊಸೈಟಿಯ ಸೆಕ್ರೆಟರಿ. ಬಂದರಿನ ಗುಮಾಸ್ತಿಕೆಯಿಂದ ನಿವೃತ್ತರಾದ, ವಾಟರ್ ಟ್ಯಾಂಕಿನ ನೋಟಿಸಿಗೂ ಮೂರು ಸಹಿ ಕೇಳುವ ಮನುಷ್ಯ. ಅವತ್ತು ಹೆಗಲಿಗೆ ಕಪ್ಪು ಕರ್ಟನ್ ಕಟ್ಟಿಕೊಂಡು, ಬಾಯಿಗೆ ಪ್ಲಾಸ್ಟಿಕ್ಕಿನ ಕೋರೆಹಲ್ಲು ಸಿಕ್ಕಿಸಿಕೊಂಡಿದ್ದರು. ಗೇಟಿನಲ್ಲಿ ಕಟ್ಟಿದ್ದ ದೀಪಾವಳಿಯ ಕಂದೀಲಿಗೇ ಮಾರ್ಕರಿನಲ್ಲಿ ಕಣ್ಣು, ಹಲ್ಲು ಬರೆದು ಎರಡು ಹಬ್ಬ ಮುಗಿಸಿದ್ದವರೂ ಅವರೇ.

ಅಸ್ಥಿಪಂಜರ ನೇರ ಬಂದು ಬೆಲ್ಲಿಗೆ ಕೈ ಹಾಕಿತು.

"ಏಯ್! ಬೆಲ್ ಮತ್ ಬಜಾವ್!" ಚಿಕ್ಕಮ್ಮ ಚೀರಿದಳು. "ಅಂಕಲ್ ಖಾನಾ ಖಾ ರಹೇ ಹೈ."

ಒಳಗೆ ಊಟ ಮಾಡುತ್ತಿರುವ ಅಂಕಲ್ ಯಾರೆಂದು ಸೆಕ್ರೆಟರಿಗೆ ಗೊತ್ತಿತ್ತು. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ಕೋರೆಹಲ್ಲು ತೆಗೆದು, ಕರ್ಟನ್ನಿಗೆ ಒರೆಸಿ, ಜೇಬಿಗೆ ಹಾಕಿಕೊಂಡರು. ಅವರ ಮರಾಠಿ ಬೆರೆತ ಹಿಂದಿಯನ್ನು ಬಹುಪಾಲು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಲ್ಲಿಗೆ ಅವರು ಅರ್ಧ ನನ್ನ ಸೃಷ್ಟಿಯೇ ಆದರು.

"ಅತ್ತಿಗೆ, ಕೇಳಿದಿರಾ ಅವರನ್ನು?"

"ಕೇಳ್ಲಿಕ್ಕೆ ಒಳಗೆ ಹೋಗ್ಬೇಕಲ್ಲ? ಕೀ ಒಳಗುಂಟು."

ಸೆಕ್ರೆಟರಿ ಬಾಗಿಲನ್ನು ಮೇಲೆ ಕೆಳಗೆ ನೋಡಿದರು. ಬಾಗಿಲಿನ ಮೇಲೆ ಗಾಳಿಗೆಂದು ಬಿಟ್ಟ ಕಿಂಡಿಯಿತ್ತು. ಅದರ ಗಾಜು ಯಾವತ್ತೋ ಒಡೆದು, ರಟ್ಟು ಅಡ್ಡ ಇಟ್ಟಿದ್ದರು. ಮೊಳೆಯಲ್ಲಿದ್ದ ಕೀ ಅಲ್ಲಿಂದ ಕಂಡರೆ ಕೋಲಿನಿಂದ ಎತ್ತಬಹುದೇನೋ ಎನ್ನುವುದು ಅವರ ಯೋಚನೆ. ಗಿಡ್ಡ ಭೂತ ಅವರ ಮೊಮ್ಮಗಳೇ, ಏಳು ವರ್ಷದವಳು. ಬೆಡ್‌ಶೀಟ್ ಸಮೇತ ಅವಳನ್ನೆತ್ತಿ ಹೆಗಲ ಮೇಲೆ ನಿಲ್ಲಿಸಿಕೊಂಡರು. ಅವಳು ರಟ್ಟು ಸರಿಸಿ, ಶೀಟಿನ ತೂತನ್ನು ಕಣ್ಣಿಗೆ ಹೊಂದಿಸಿಕೊಂಡು ಒಳಗೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಚಾವಿ ದಿಖಾ?" ಕೆಳಗಿನಿಂದ ಸೆಕ್ರೆಟರಿ.

"ನಹೀ. ಏಕ್ ಅಂಕಲ್ ಬೈಠೇ ಹೈ."

ಕೀ ಇಲ್ಲ, ಒಬ್ಬ ಅಂಕಲ್ ಕೂತಿದ್ದಾರೆ. ಕೆಳಗೆ ಯಾರೋ ಪಟಾಕಿಯ ಸರಕ್ಕೆ ಬೆಂಕಿ ಕೊಟ್ಟಿದ್ದರು, ಅದು ಮುಗಿಯುವವರೆಗೆ ಚಿಕ್ಕಮ್ಮ ಕಾದಳು. ಆಮೇಲೆ, ಏನು ಮಾಡುತ್ತಿದ್ದಾರೆ ಎಂದು ಬಹಳ ಮೆತ್ತಗೆ ಕೇಳಿದಳು, "ಕ್ಯಾ ಕರ್ ರಹೇ ಹೈ, ಬೇಬಿ?"

"ಮಛಲಿ ಖಾ ರಹೇ ಹೈ."

"ಪೆಹಲೇ ಮಛಲಿ?"

"ಹಾಂ. ಪೆಹಲೇ ಮಛಲಿ."

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. "ಅನ್ನ ಮುಟ್ಟುವ ಮೊದ್ಲು ಮೀನು. ಯಾವಾಗ್ಲೂ ಹಾಗೇ."

ಇಲ್ಲಿ ಒಂದು ವಿಷಯ ಹೇಳಬೇಕು. ನಾನು ಆ ಹುಡುಗಿಯ ಬಕೆಟ್ಟಿಗೆ ಪರ್ಸಿನಲ್ಲಿದ್ದ ಒಂದು ದೊಡ್ಡ ಚಾಕಲೇಟು ಹಾಕಿದ್ದೆ. ಹಾಕಿದ್ದು ಖಂಡಿತ. ಅವಳು ಅಜ್ಜನ ಹೆಗಲೇರುವ ಮೊದಲೋ ಇಳಿದ ಮೇಲೋ ನೆನಪಿಲ್ಲ. ಮೊದಲು ಹಾಕಿದ್ದರೆ, ಹಾಕುವಾಗ ಅವಳ ಕಿವಿಯಲ್ಲಿ ಏನಾದರೂ ಹೇಳಿದೆನೇ? ಹೇಳಿಲ್ಲ ಎಂದು ಆಣೆ ಮಾಡಬಲ್ಲೆ. ಆದರೆ ಬಾಗಿಲು ಎಳೆದದ್ದು ನಾನಲ್ಲವೆಂದೂ ಆಣೆ ಮಾಡಬಲ್ಲೆ. ಸೆಕ್ರೆಟರಿ ಮೊದಲೇ ಹೇಳಿಕೊಟ್ಟಿದ್ದರೇ ಎನ್ನುವುದೂ ಗೊತ್ತಿಲ್ಲ. ಅಥವಾ ದೆವ್ವದ ವೇಷ ಹಾಕಿಕೊಂಡ ಮಗುವನ್ನು ಕತ್ತಲ ಕಿಂಡಿಯಲ್ಲಿ ಇಣುಕಿಸಿದರೆ ಅದು ಇನ್ನೇನು ಹೇಳೀತು?

"ಪೂಛೋ," ಅಂದಳು ಚಿಕ್ಕಮ್ಮ. "ಆಂಟಿ ಸಹಿ ಕರೇ ಕ್ಯಾ, ಪೂಛೋ."

ಸೆಕ್ರೆಟರಿ ಮೊಮ್ಮಗಳ ಕಾಲುಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು. ಭೂತ ಕಿಂಡಿಯೊಳಗೆ ಮುಖವಿಟ್ಟು, ಆಂಟಿ ಸಹಿ ಹಾಕಬೇಕಾ ಎಂದು ಕೇಳಿತು. ಕಿವಿಗೊಟ್ಟಿತು. ಆಮೇಲೆ ನಮ್ಮ ಕಡೆ ತಿರುಗಿ ಹೇಳಿತು:

"ಕುಛ್ ನಹೀ ಬೋಲ್ ರಹೇ. ಮುಂಹ್ ಮೇ ಖಾನಾ ಹೈ."

ಬಾಯಲ್ಲಿ ಊಟವಿದೆ, ಏನೂ ಹೇಳುತ್ತಿಲ್ಲ.

"ಬೇಟಾ, ಠೀಕ್ ಸೇ ದೇಖ್," ಸೆಕ್ರೆಟರಿ ಕೆಳಗಿನಿಂದ ಅಂಗಲಾಚಿದರು. "ತಲೆ ಆಡಿಸ್ತಿದ್ದಾರಾ ನೋಡು. ಹೀಗೆ? ಹೀಗೆ?" ಅವರೇ ತಲೆಯಾಡಿಸಿದ್ದರಿಂದ ಮೇಲಿದ್ದ ಮೊಮ್ಮಗಳು ವಾಲಿದಳು.

"ನಹೀ. ಸಿರ್ಫ್ ಖಾ ರಹೇ ಹೈ."

ಚಿಕ್ಕಮ್ಮ ನಗಲು ಶುರು ಮಾಡಿದಳು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ಬಿಟ್ಟು, ಕೊನೆಗೆ ಮೆಟ್ಟಿಲಿನ ಮೇಲೆ ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಅವರೇ," ಅಂದಳು. "ಅವರೇ ಅದು, ಸಂಶಯ ಇಲ್ಲ. ಈ ಮನೆ ತಗೊಳ್ಳುವಾಗ ಕೇಳಿದೆ, ಬಾಯಿ ತುಂಬ ಅನ್ನ. ಡಾಕ್ಟರ ಹತ್ರ ಹೋಗುವನಾ ಕೇಳಿದೆ, ಬಾಯಿ ತುಂಬ ಅನ್ನ. ಒಂದು ವಿಷಯಕ್ಕೆ ಹೌದು, ಅಲ್ಲ ಹೇಳಿದ ಮನುಷ್ಯ ಅಲ್ಲ. ಎಲ್ಲ ನಾನೇ ಹೇಳಿದ್ದು. ಸತ್ತ ಮೇಲಾದ್ರೂ ಒಂದು ಮಾತು ಹೇಳ್ತಾರೆ ಅಂತ ಮಾಡಿದ್ದೆ."

ನಗು ನಿಂತ ಮೇಲೆ ಎದ್ದು ಬಾಗಿಲಿನ ಹತ್ತಿರ ಹೋದಳು. ಹಣೆ ತಾಗುವಷ್ಟು ಹತ್ತಿರ. ತುಳುವಿನಲ್ಲಿ ಹೇಳತೊಡಗಿದಳು. ನಾನು ಅರ್ಧ ಕೇಳಿಸಿಕೊಂಡದ್ದನ್ನು ಪೂರ್ತಿ ಮಾಡಿ ಬರೆಯುತ್ತಿದ್ದೇನೆ.

"ಕೇಳಿ. ಬರುವ ವರ್ಷ ಇಲ್ಲಿಗೆ ಬರ್ಬೇಡಿ. ಕುರ್ಲಾಕ್ಕೆ ಬನ್ನಿ. ವಡಾಲದಲ್ಲಿ ಹಾರ್ಬರ್ ಲೈನು ಹತ್ತಿ. ಪನ್ವೇಲ್ ಗಾಡಿ. ಅಂಧೇರಿ ಕಡೆ ಹೋಗುವ ಗಾಡಿ ಹತ್ಬೇಡಿ, ಹಿಂದೆ ಒಂದ್ಸಲ ಹತ್ತಿ ಬಾಂದ್ರಾದಲ್ಲಿ ಇಳಿದಿರಲ್ಲ, ಹಾಗೆ ಮಾಡ್ಬೇಡಿ. ಚುನಾಭಟ್ಟಿ ಆದ ಮೇಲೆ ಕುರ್ಲಾ. ಈಸ್ಟಿಗೆ ಇಳೀರಿ. ಸೇತುವೆ ಹತ್ತುವಾಗ ರಶ್ ಉಂಟು, ನಿಧಾನ. ಮನೆ ಗ್ರೌಂಡ್ ಫ್ಲೋರಲ್ಲಿ ಸಿಕ್ಕಿದ್ರೆ ಒಳ್ಳೇದು, ನೋಡ್ತೇನೆ. ಲಿಫ್ಟ್ ಇಲ್ಲದ್ದೇ ಹುಡುಕ್ತೇನೆ."

ಸೆಕ್ರೆಟರಿಗೆ ತುಳು ಬರುವುದಿಲ್ಲ. ಆದರೆ ಪನ್ವೇಲ್, ಅಂಧೇರಿ, ಕುರ್ಲಾ ಅರ್ಥವಾಗಿರಬೇಕು. ಮೊಮ್ಮಗಳನ್ನು ಇಳಿಸಿ, ಕರ್ಟನ್ನನ್ನು ಹೆಗಲಿನಿಂದ ಬಿಚ್ಚಿ, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಿಂತರು.

ಚಾವಿವಾಲಾ ಬಂದ. ಎಕ್ಸ್‌ರೇ ಫಿಲ್ಮಿನ ತುಂಡೊಂದನ್ನು ಬಾಗಿಲಿನ ಸಂದಿಗೆ ತೂರಿಸಿ ಎರಡು ಸಲ ಅಲ್ಲಾಡಿಸಿದ, ಲ್ಯಾಚು ಬಿಟ್ಟುಕೊಂಡಿತು. ಚಿಕ್ಕಮ್ಮ ಕೆಮ್ಮಿದಳು. ಇನ್ನೊಮ್ಮೆ ಕೆಮ್ಮಿದಳು. ಒಳಗೆ ಹೋದೆವು.

ದೀಪ ಉರಿಯುತ್ತಿತ್ತು. ಎರಡು ಬಂಗುಡೆಗಳೂ ಇದ್ದಲ್ಲೇ ಇದ್ದವು. ಇರಬೇಕಾದದ್ದೂ ಹಾಗೆಯೇ, ಸತ್ತವರು ರುಚಿಯನ್ನಷ್ಟೇ ತಿನ್ನುತ್ತಾರಂತೆ. ಆಮೇಲೆ ಅದನ್ನು ಮನೆಯವರು ತಿನ್ನಬೇಕು. ಚಿಕ್ಕಮ್ಮ ಒಂದು ಬಂಗುಡೆಯನ್ನು ಸೆಕ್ರೆಟರಿಯ ತಟ್ಟೆಗೆ ಹಾಕಿದಳು. ಅವರು ಮುಳ್ಳು ಬಿಡಿಸುವಾಗ ಮೊಮ್ಮಗಳು ಪಕ್ಕದಲ್ಲಿ ಕೂತು ಬರೀ ಅನ್ನ ತಿಂದಳು. ಮೀನು ತಿನ್ನುವುದಿಲ್ಲವಂತೆ. ಊಟವಾಗಿ ಕೈ ತೊಳೆದ ಮೇಲೆ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು, ಸೆಕ್ರೆಟರಿ ತಮ್ಮ ಮನೆಗೆ ಹೋಗಿ ತಂದ ಕಾಗದಗಳ ಮೇಲೆ, ಪ್ರತಿ ಪುಟಕ್ಕೂ, ಕನ್ನಡದಲ್ಲಿ, ಅವಸರವಿಲ್ಲದೆ ಸಹಿ ಹಾಕಿದಳು. ನಡುವೆ ಒಮ್ಮೆ ಪೆನ್ನು ನಿಲ್ಲಿಸಿ, "ಅವರು ಹೇಳ್ಲಿಲ್ಲ, ನಾನು ಹೇಳಿದ್ದು. ಎಲ್ಲರಿಗೂ ಹಾಗೇ ಹೇಳಿ," ಅಂದಳು.

ಮಳೆಗಾಲಕ್ಕೆ ಮೊದಲೇ ಬಿಲ್ಡಿಂಗ್ ಕೆಡವಿದರು. ಚಿಕ್ಕಮ್ಮ ಕುರ್ಲಾ ಈಸ್ಟಿಗೆ ಹೋದಳು. ಗ್ರೌಂಡ್ ಫ್ಲೋರ್ ಸಿಗಲಿಲ್ಲ, ಮೊದಲನೇ ಮಾಳಿಗೆ, ಲಿಫ್ಟ್ ಇಲ್ಲ. ಆ ಹುಡುಗಿ ಈಗ ಕಾಲೇಜಿಗೆ ಹೋಗುತ್ತಾಳೆ. ಹೋದ ವರ್ಷ ಸಿಕ್ಕಿದಾಗ ಆ ಕಿಂಡಿಯಲ್ಲಿ ಏನು ಕಂಡೆ ಎಂದು ಕೇಳಿದೆ. "ಯಾವ ಕಿಂಡಿ?" ಅಂದಳು.

ಚಿಕ್ಕಮ್ಮ ಆ ಸಂಜೆ ಹುಡುಗಿಯ ಮಾತನ್ನು ನಂಬಿದ್ದಳೇ, ಅಥವಾ ನಮ್ಮೆಲ್ಲರಿಗಿಂತ ಮೊದಲೇ ತೀರ್ಮಾನ ಮಾಡಿ, ಹೇಳುವುದಕ್ಕೊಂದು ನೆಪ ಹುಡುಕುತ್ತಿದ್ದಳೇ, ನನಗೆ ತಿಳಿಯದು. ಕುರ್ಲಾದ ಮೊದಲ ದೀಪಾವಳಿಗೆ ಅವಳು ನನ್ನನ್ನು ಕರೆಯಲಿಲ್ಲ. ಅವತ್ತು ಬಡಿಸಿದಳೋ ಇಲ್ಲವೋ, ಬಡಿಸಿದ್ದರೆ ಒಬ್ಬಳೇ ಪ್ಯಾಸೇಜಿನಲ್ಲಿ ಎಷ್ಟು ಹೊತ್ತು ನಿಂತಿದ್ದಳೋ, ನನಗೆ ಗೊತ್ತಿಲ್ಲ. ಕೇಳಿಲ್ಲ.