ಮಹಡಿಯ ಮೇಲೆ ಮಾತು ಕೂಡಿಸಿದವಳು

ಅವಳ ಎಡಗೈಯ ಕಿರುಬೆರಳು ಹಿಂದಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಲ್ಯಾಪ್‌ಟಾಪಿನ ಮೇಲೆ ಮಿಕ್ಕ ಬೆರಳುಗಳೆಲ್ಲ ಓಡಾಡುವಾಗ ಅದೊಂದು ಮಾತ್ರ ಮುರಿದ ಕಡ್ಡಿಯ ಹಾಗೆ ಮೇಲಕ್ಕೆ ನೋಡುತ್ತಿತ್ತು. ಬಾಡಿಗೆಗೆ ರೂಮು ಕೇಳಲು ಬಂದ ದಿನವೇ ನಾನು ಕೇಳಿದೆ.

"ಏನಮ್ಮ ಅದು?"

"ಬಾಗ್ಲಿಗೆ ಸಿಕ್ಕಾಕ್ಕೊಂಡ್ತು ಅಜ್ಜಿ."

"ಬಾಗ್ಲಿಗೆ ಸಿಕ್ರೆ ಉಗುರು ಹೋಯ್ತದೆ. ಹಿಂಗೆ ತಿರುಗ್ಬೇಕಾದ್ರೆ ಯಾರೋ ತಿರುಗಿಸಿರ್ಬೇಕು."

ನಾನು ಬೀಗದ ಕೈ ಕೊಟ್ಟೆ. ನನ್ನ ಗಂಡನೂ ಹೊಡೆಯುವವನೇ. ಅವನು ಸತ್ತು ಬಹಳ ಕಾಲವಾಯಿತು, ಅಳುವಂಥದ್ದೇನೂ ಇರಲಿಲ್ಲ. ಅವನು ಸಾಯುವ ತನಕ ನಾನು ಆ ಮನೆಯಲ್ಲೇ ಇದ್ದೆ. ಇವಳು ಎದ್ದು ಬಂದಿದ್ದಳು. ನನಗೂ ಅವಳಿಗೂ ಇದ್ದ ವ್ಯತ್ಯಾಸ ಅಷ್ಟೆ.

ಅವಳ ಹೆಸರು ಬರೆಯುವುದಿಲ್ಲ, ಊರನ್ನೂ ಬರೆಯುವುದಿಲ್ಲ. ಕರ್ನಾಟಕದ ಕಡೆಯವಳು ಎಂದರೆ ಸಾಕು. ಗಂಡ ಹುಡುಕುತ್ತಿದ್ದ. ಸಿಕ್ಕರೆ ಬೆರಳಿಗೆ ನಿಲ್ಲುವುದಿಲ್ಲ ಎಂದು ಅವಳೇ ಒಂದು ದಿನ ಸೊಪ್ಪು ಬಿಡಿಸುತ್ತಾ ಹೇಳಿದಳು, ಬೇರೆ ಯಾರದೋ ವಿಷಯ ಹೇಳುವ ಹಾಗೆ.

ಗಡಿ ದಾಟಿದರೆ ಸಿಗುವ ತಮಿಳುನಾಡಿನ ಹೊಸೂರು, ಅಲ್ಲಿಯ ಆಲಸನತ್ತಂನಲ್ಲಿ ನಮ್ಮ ಮನೆ. ಕೆಳಗೆ ನಾನು, ಕಾರ್ಖಾನೆಗೆ ಹೋಗುವ ಮಗ, ಸೊಸೆ. ಮೇಲೆ ಅವಳ ರೂಮು, ಅದರ ಮುಂದೆ ತಗಡು ಹೊದಿಸಿದ ಮಹಡಿ. ಅಂಗಡಿಯವರಿಗೆ, ಸಣ್ಣ ಕಾರ್ಖಾನೆಗಳಿಗೆ ವೆಬ್‌ಸೈಟು ಮಾಡಿಕೊಡುವುದು ಅವಳ ಕೆಲಸ. ಅದು ಏನೆಂದು ನನಗೆ ಈಗಲೂ ಸರಿಯಾಗಿ ತಿಳಿಯದು. ಫೋನಿನೊಳಗೆ ತೂಗುಹಾಕುವ ಅಂಗಡಿ ಬೋರ್ಡು ಅಂದುಕೊಂಡಿದ್ದೇನೆ.

ಬಂದ ಕೆಲವೇ ತಿಂಗಳಿಗೆ, ಮಹಡಿ ಮೇಲೆ ಸಭೆ ಮಾಡಲೇ ಎಂದು ಕೇಳಿದಳು. ಇದೇ ಕೆಲಸ ಮಾಡುವವರು ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರಂತೆ. ಒಬ್ಬರಿಗೊಬ್ಬರು ಗೊತ್ತಿಲ್ಲವಂತೆ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಸೇರಿ, ಒಬ್ಬೊಬ್ಬರು ಹತ್ತು ನಿಮಿಷ ತಮಗೆ ಗೊತ್ತಿರುವುದನ್ನು ಹೇಳುವುದು.

"ಹುಚ್ಚೇನೇ ನಿಂಗೆ?" ಎಂದೆ. "ಅಡಗ್ಕೊಂಡಿರೋಳು ಊರಿಗೆಲ್ಲ ಡಂಗುರ ಹೊಡಿಸ್ತೀಯ?"

"ಅಡಗ್ಕೊಂಡೇ ಇದ್ರೆ ಅನ್ನ ಯಾರು ಹಾಕ್ತಾರೆ ಅಜ್ಜಿ? ಕೆಲ್ಸ ಬರೋದು ನಾಕ್ ಜನ ಗೊತ್ತಿದ್ರೆ. ಅವ್ನ್ ಮನೇಲಿ ಯಾರ್ ಜೊತೇನೂ ಮಾತಾಡಂಗಿರ್ಲಿಲ್ಲ. ಮಾತೇ ಮರ್ತೋಗ್ಬುಟ್ಟಿತ್ತು ನಂಗೆ."

ಜನ ಬರತೊಡಗಿದರು. ಡೆಂಕಣಿಕೋಟೆಯಿಂದ ಬಸ್ಸಿನಲ್ಲಿ, ಕೃಷ್ಣಗಿರಿಯಿಂದ ಬೈಕಿನಲ್ಲಿ. ಒಬ್ಬ ತಮಿಳಿನಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುತ್ತಿದ್ದ. ಬಣ್ಣದ ವಿಷಯ, ಅಕ್ಷರದ ವಿಷಯ, ದುಡ್ಡು ಕೊಡದೆ ಆಟ ಆಡಿಸುವ ಗಿರಾಕಿಗಳ ವಿಷಯ. ಯಾರು ಹತ್ತು ನಿಮಿಷ ಮೀರಿದರೂ ಅವಳು ಸ್ಟೀಲ್ ತಟ್ಟೆ ಬಡಿದುಬಿಡುತ್ತಿದ್ದಳು, ಮಾತು ಎಷ್ಟೇ ರುಚಿಯಾಗಿರಲಿ. ಹೊಸಬರಿಗೆ ಒಂದು ಕಟ್ಟಳೆ. ಮೊದಲ ಸಲ ಬಂದವರು ಎದ್ದು ನಿಂತು, ತಾವು ಮಾಡಿದ ಒಂದು ಕೆಲಸ ಯಾವುದು, ಅದು ಎಲ್ಲಿ ಕೆಟ್ಟಿತು ಎಂದು ಹೇಳಬೇಕು. ಹೆಸರು, ಓದು, ಕಂಪನಿ ಏನೂ ಬೇಡ. "ಏನ್ ಮಾಡಿದ್ರಿ, ಎಲ್ಲಿ ಕೆಡ್ತು?" ಅಷ್ಟೇ ಅವಳ ಪ್ರಶ್ನೆ. ದೊಡ್ಡ ಕಾಲೇಜಿನವನೂ ಕೆಟ್ಟದ್ದನ್ನು ಒಪ್ಪಿಕೊಂಡೇ ಕೂರಬೇಕು. ಹೇಳಿದವನನ್ನು ನೋಡಿ ಎಲ್ಲರೂ ನಗುತ್ತಿದ್ದರು, ಆಮೇಲೆ ಚಪ್ಪಾಳೆ.

ನಗದವಳು ಅವಳೊಬ್ಬಳೇ. ಮೆಟ್ಟಿಲ ಬಾಯಿಗೆ ಎದುರಾಗಿ, ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಕೆಳಗೆ ಗೇಟು ಕಿರ್ ಎಂದರೆ ಕಿವಿ ಅಲ್ಲಿಗೆ ಹೋಗುತ್ತಿತ್ತು. ಎಲ್ಲರೂ ಚಪ್ಪಲಿ ಕೆಳಗೆ ಬಿಟ್ಟು ಬಂದರೆ ಇವಳು ಮಾತ್ರ ಬೂಟು ಹಾಕಿಕೊಂಡೇ ಇರುತ್ತಿದ್ದಳು. ನಾನು ಬೈದೆ.

"ಓಡೋವಾಗ ಹುಡ್ಕಕ್ಕಾಗಲ್ಲ ಅಜ್ಜಿ," ಎಂದಳು.

ಆಮೇಲೆ ನಾನು ಬೂಟಿನ ಸುದ್ದಿಗೆ ಹೋಗಲಿಲ್ಲ. ಟೀ ಹಿಡಿದು ಮೇಲೆ ಹೋದಾಗಲೆಲ್ಲ ನನ್ನ ಕಣ್ಣೂ ಮೆಟ್ಟಿಲ ಕಡೆಗೇ ಹೋಗುತ್ತಿತ್ತು. ಭಯ ಅನ್ನುವುದು ಶೀತದ ಹಾಗೆ, ಒಂದು ಮನೆಯಲ್ಲಿದ್ದರೆ ಎಲ್ಲರಿಗೂ ಹತ್ತುತ್ತದೆ.

ಫೋಟೋ ತೆಗೆಯುವಂತಿರಲಿಲ್ಲ. ವಿಳಾಸವನ್ನು ಬರುವವರಿಗೆ ಮಾತ್ರ, ಅದೂ ಆ ದಿನ ಬೆಳಿಗ್ಗೆ ಕಳಿಸುತ್ತಿದ್ದಳು. ಯಾಕೆಂದು ಯಾರಿಗೂ ಹೇಳಿರಲಿಲ್ಲ. ಹೇಳದೇ ಇದ್ದದ್ದೇ ಕೆಲಸ ಕೆಡಿಸಿತು. ಹತ್ತಿರದ ಬೇರಿಕೆ ಎಂಬ ಊರಿಂದ ಬರುತ್ತಿದ್ದ ಒಬ್ಬ ಹುಡುಗನಿಗೆ ಅವಳೆಂದರೆ ದೇವರು. ಅಪ್ಪನ ತರಕಾರಿ ವ್ಯಾನು ಓಡಿಸಿಕೊಂಡಿದ್ದವನಿಗೆ ಈ ಕೆಲಸ ಹತ್ತಿಸಿದವಳು ಅವಳೇ. ಅವನು ಒಂದು ಭಾನುವಾರ ಕದ್ದು ಫೋಟೋ ತೆಗೆದು, 'ನಮ್ಮ ಅಕ್ಕ ಕಟ್ಟಿದ ಕೂಟ' ಎಂದು ಫೋನಿನಲ್ಲಿ ಊರಿಗೆಲ್ಲ ಕಾಣುವ ಹಾಗೆ ಹಾಕಿದ. ಅವಳ ಮುಖ ಇತ್ತು. ಹಿಂದೆ ಪಕ್ಕದ ಬೀದಿಯ ಕಲ್ಯಾಣ ಮಂಟಪದ ಬೋರ್ಡೂ ಇತ್ತು.

ಅವಳು ಫೋನು ಹಿಡಿದುಕೊಂಡು ನನ್ನ ಅಡಿಗೆಮನೆಗೆ ಬಂದು ನೆಲದ ಮೇಲೆ ಕೂತಳು. ಗಂಡನ ವಿಷಯ ತಿಳಿದದ್ದೇ ಬೇರಿಕೆಯವನು ಫೋಟೋ ತೆಗೆದುಹಾಕಿದ, ಓಡಿ ಬಂದ, ಕಾಲಿಗೆ ಬಿದ್ದ. ನಾನು ಅವನಿಗೆ ಮನಸಾರೆ ಬೈದೆ. ಅಷ್ಟರಲ್ಲಿ ನೋಡುವವರು ನೋಡಿಯಾಗಿತ್ತು.

"ಮುಂದಿನ್ ಸಭೆ ಬ್ಯಾಡ," ಎಂದೆ.

"ಬೇಕು ಅಜ್ಜಿ. ಬರೋನು ಬಂದೇ ಬತ್ತಾನೆ. ಜನ ಇರೋ ದಿನ ಬರ್ಲಿ. ಒಬ್ಳೇ ಇರೋ ದಿನ ಬಂದ್ರೆ ಏನ್ ಮಾಡ್ಲಿ?"

ಅವಳು ಈ ಸಲ ಎಲ್ಲ ಕಡೆಯೂ ವಿಳಾಸ, ದಿನ, ಸಮಯ ಹಾಕಿಸಿದಳು. ಗಂಡ ಆ ದಿನವನ್ನೇ ಆರಿಸಿಕೊಳ್ಳಲಿ ಎಂದು. ಅಲ್ಲಿಯ ತನಕ ಮಗ ವರಾಂಡದಲ್ಲಿ ಮಲಗಿದ, ಅವಳು ನನ್ನ ಪಕ್ಕದಲ್ಲಿ. ನಿದ್ದೆಯಲ್ಲೂ ಅವಳ ಕೈ ಮುಷ್ಟಿ ಕಟ್ಟಿರುತ್ತಿತ್ತು, ಆ ಬೆರಳೊಂದು ಮಾತ್ರ ಹೊರಗೆ.

ಅವನು ಬಂದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಎಣ್ಣೆ ಹಾಕಿ ಬಾಚಿದ ತಲೆ, ನೋಡಿದರೆ ಹೆಣ್ಣು ಕೊಡಬೇಕು ಅನ್ನಿಸುವಂಥ ಮುಖ. ಚಪ್ಪಲಿಯನ್ನು ಕೆಳಗೆ ಒಪ್ಪವಾಗಿ ಬಿಟ್ಟು, ನನಗೆ ನಮಸ್ಕಾರ ಹೇಳಿ ಮೇಲೆ ಹೋದ. ಹೊಸಬ ಅಂದುಕೊಂಡೆ. ಟೀ ಹಿಡಿದು ಹಿಂದೆಯೇ ಹತ್ತಿದೆ. ಅವಳ ಮುಖ ನೋಡಿದ ಮೇಲೆ ಗೊತ್ತಾಯಿತು.

ಅವನು ಹಿಂದಿನ ಸಾಲಿನಲ್ಲಿ ಕೂತು ನಗುತ್ತಾ ಅವಳನ್ನೇ ನೋಡುತ್ತಿದ್ದ. ಯಾರೋ ಹತ್ತು ನಿಮಿಷ ಮೀರಿ ಮಾತಾಡಿದರು, ತಟ್ಟೆ ಬಡಿಯಲು ಅವಳಿಗೆ ಕೈ ಬರಲಿಲ್ಲ. ನನ್ನ ಕೈಯಲ್ಲಿ ಕುದಿಯುವ ಟೀ ಇತ್ತು. ಸುಮ್ಮನೆ ಹೇಳುತ್ತಿಲ್ಲ, ಅವನ ತಲೆ ಮೇಲೆ ಸುರಿಯಲು ಸಿದ್ಧಳಾಗಿ ಅವನ ಹಿಂದೆಯೇ ಹೋಗಿ ನಿಂತೆ.

ಅವಳು ಎದ್ದಳು. "ಹೊಸಬರು ಒಬ್ಬರು ಇದಾರೆ. ಏನ್ ಮಾಡಿದ್ರಿ, ಎಲ್ಲಿ ಕೆಡ್ತು, ಹೇಳಿ."

ಎಲ್ಲರೂ ಅವನ ಕಡೆ ತಿರುಗಿದರು. ಅವನು ನಿಧಾನವಾಗಿ ಎದ್ದ.

"ನಾನ್ ಇವಳ ಗಂಡ. ಮನೆಗ್ ಕರ್ಕೊಂಡ್ ಹೋಗಕ್ ಬಂದಿದೀನಿ."

ಬೇರಿಕೆಯವನನ್ನು ಬಿಟ್ಟರೆ ಅಲ್ಲಿ ಯಾರಿಗೂ ಏನೂ ತಿಳಿಯದು. ಮುಂದೆ ಕೂತಿದ್ದ ಕೃಷ್ಣಗಿರಿಯ ಹುಡುಗಿ ಖುಷಿಯಾಗಿ, "ಓ, ಮಾಮಾವಾ!" ಎಂದು ಕೈ ತಟ್ಟಿದಳು, ಅವರ ಕಡೆ ಅಕ್ಕನ ಗಂಡನೆಂದರೆ ಮಾಮ. "ಅದ್ ಸರಿ ಮಾಮಾ, ನಮ್ಮ ರೂಲ್ಸ್ ಇದೆ. ಏನ್ ಮಾಡಿದ್ರಿ, ಎಲ್ಲಿ ಕೆಡ್ತು? ನಾವೆಲ್ಲ ಹೇಳಿದೀವಿ."

"ಹೇಳ್ಲೇಬೇಕು!" ಎಂದರು ನಾಲ್ಕಾರು ಜನ. ನಗು. ಫೋನುಗಳು ಮೇಲೆದ್ದವು, ಮಾಮನ ಫೋಟೋ ತೆಗೆಯಲು. ಅವಳು ಬೇಡ ಅನ್ನಲಿಲ್ಲ.

ಅವನ ನಗು ಹೋಯಿತು. ಅವನ ಕಣ್ಣು ಆ ಫೋನುಗಳ ಮೇಲೆಲ್ಲ ಹರಿದು ಕೊನೆಗೆ ಅವಳ ಕೈಯ ಮೇಲೆ ಹೋಗಿ ನಿಂತಿತು. ಅವಳು ತಟ್ಟೆಯನ್ನು ಎಡಗೈಯಲ್ಲಿ ಹಿಡಿದಿದ್ದಳು. ಬೆರಳು ಎಲ್ಲರಿಗೂ ಕಾಣುತ್ತಿತ್ತು. ನಗು ಒಂದೊಂದಾಗಿ ನಿಂತಿತು. ಬೇರಿಕೆಯವನು ಎದ್ದು ಅವಳ ಮುಂದೆ ಹೋಗಿ ನಿಂತ.

"ಹೇಳೋಕೇನೂ ಇಲ್ವಾ ಅಪ್ಪಾ?" ಎಂದೆ ನಾನು ಹಿಂದಿನಿಂದ. "ಹಂಗಾದ್ರೆ ನಡಿ."

ಅವನು ಹೋದ. ಹೋಗುವಾಗ ನನ್ನ ಕಿವಿಯ ಹತ್ತಿರ, ಮೆಲ್ಲಗೆ, ಮರ್ಯಾದೆಯಾಗಿ ಹೇಳಿದ: "ಮನೆ ನೋಡ್ಕೊಂಡಿದೀನಿ ಅಜ್ಜಿ. ಇನ್ನೊಂದಿನ ಬತ್ತೀನಿ."

ಮೇಲೆ ಎಲ್ಲರೂ ಗೆದ್ದೆವು ಅಂದುಕೊಂಡರು. ಅವಳು ಅಂದುಕೊಳ್ಳಲಿಲ್ಲ, ನಾನೂ ಅಂದುಕೊಳ್ಳಲಿಲ್ಲ. ಪೊಲೀಸ್ ಸ್ಟೇಷನ್ನಿಗೆ ಹೋಗಿ ಆ ಫೋಟೋಗಳನ್ನು ಕೊಟ್ಟೆವು. ಬರೆದುಕೊಂಡರು. ಅವನು ಆ ರಾಜ್ಯದವನು, ನೀವು ಈ ರಾಜ್ಯದಲ್ಲಿದ್ದೀರಿ ಎಂದರು. ಅದಾದ ಮೇಲೆ ಬೀದಿಯಲ್ಲಿ ಬೈಕು ನಿಧಾನವಾದರೆ ಸಾಕು, ನಾವಿಬ್ಬರೂ ಬಾಗಿಲ ಅಗುಳಿ ಹಾಕಿದೆಯೇ ಎಂದು ನೋಡುತ್ತಿದ್ದೆವು.

ಒಂದು ಬೆಳಿಗ್ಗೆ ಬೇರಿಕೆಯವನ ತರಕಾರಿ ವ್ಯಾನಿನಲ್ಲಿ ಹೊರಟಳು, ಟೊಮೆಟೊ ಕ್ರೇಟುಗಳ ನಡುವೆ ಒಂದು ಚೀಲ ಇಟ್ಟುಕೊಂಡು. ಎಲ್ಲಿಗೆ ಎಂದು ಹೇಳಲು ಬಾಯಿ ತೆರೆದಳು.

"ಹೇಳ್ಬ್ಯಾಡ," ಎಂದೆ. "ನಂಗೆ ಸುಳ್ಳು ಹೇಳಕ್ಕೆ ಬರಲ್ಲ. ನನ್ ಮುಖಾನೇ ಹೇಳ್ಬುಡ್ತದೆ."

ಬೇರಿಕೆಯವನಿಗೂ ಬಸ್ ಸ್ಟ್ಯಾಂಡಿನಲ್ಲಿ ತಿರುಗಿ ನೋಡದೆ ಹೋಗು ಅಂದಳಂತೆ. ಅವನು ನೋಡಲಿಲ್ಲವಂತೆ. ನಂಬಿದ್ದೇನೆ.

ಗಂಡ ಹೇಳಿದ ಹಾಗೆ ಬಂದ. ಎಲ್ಲಿದ್ದಾಳೆ ಎಂದ. ಗೊತ್ತಿಲ್ಲ ಎಂದೆ. ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ಅಲ್ಲಿ ಏನೂ ಸಿಗದೆ ಹೊರಟುಹೋದ. ನನ್ನ ಗಂಡನ ಮುಂದೆ ಒಂದು ದಿನವೂ ಹಾಗೆ ತಲೆ ಎತ್ತಿ ನಿಂತವಳಲ್ಲ ನಾನು. ಅದನ್ನು ಅವಳನ್ನು ನೋಡಿ ಕಲಿತೆ, ಬಹಳ ತಡವಾಗಿ.

ಸಭೆ ಈಗಲೂ ನಡೆಯುತ್ತದೆ. ಬೇರಿಕೆಯವನು ನಡೆಸುತ್ತಾನೆ. ಟೀ ನನ್ನದೇ. ಅವಳಿಂದ ಒಂದು ಫೋನಿಲ್ಲ, ಮಾಡಬೇಡ ಎಂದು ನಾನೇ ಹೇಳಿದ್ದೆ. ಟೀವಿಯಲ್ಲಿ ಎಲ್ಲೋ ಒಬ್ಬ ಹೆಂಗಸಿಗೆ ಏನೋ ಆಯಿತು ಎಂದರೆ ಸೊಸೆಗೆ ಸದ್ದು ಹೆಚ್ಚಿಸು ಅನ್ನುತ್ತೇನೆ. ಮೊದಲು ವಯಸ್ಸು ಕೇಳಿಸಿಕೊಳ್ಳುತ್ತೇನೆ, ಆಮೇಲೆ ಊರು. ಊರು ಕೇಳಿ ಏನು ಪ್ರಯೋಜನ, ಅವಳು ಯಾವ ಊರಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಆದರೂ ಸುದ್ದಿ ಮುಗಿಯುವ ತನಕ ಕೂತಿರುತ್ತೇನೆ.