ನೊಂದ ನಾಗರಿಕನ ಬಿಡುವಿನ ವೇಳೆ

ಹಿರೇಕೆರೂರಿನಲ್ಲಿ ನಿವೃತ್ತರಾದ ನಾವು ಕೆಲವರು ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುತ್ತೇವೆ. ಈಚೆಗೆ ನಮ್ಮಲ್ಲೊಬ್ಬರಿಗೆ ಉತ್ಸಾಹ ಬಂದು, ಒಂದು ಹಾಳೆಯ ಮೇಲೆ ಎಲ್ಲರ ಹೆಸರು, ರಕ್ತದ ಗುಂಪು, ಹವ್ಯಾಸ ಬರೆಸಿಕೊಂಡರು. ರಕ್ತದ ಗುಂಪು ನೆನಪಿಲ್ಲದವರಿಗೂ ಹವ್ಯಾಸ ಚೆನ್ನಾಗಿ ನೆನಪಿತ್ತು. ಅಂಗಳದಲ್ಲಿ ಒಂದು ಒಣಗಿದ ತುಳಸಿ ಇಟ್ಟುಕೊಂಡವರು 'ತೋಟಗಾರಿಕೆ' ಎಂದರು. ಹಾರ್ಮೋನಿಯಂ ಮೇಲೆ ಇಸ್ತ್ರಿ ಬಟ್ಟೆ ಪೇರಿಸಿಡುವವರು 'ಸಂಗೀತ' ಎಂದರು. ಮೊಬೈಲಿಗೆ ಬಂದ ಶುಭೋದಯಗಳನ್ನೆಲ್ಲ ಮುಂದಕ್ಕೆ ತಳ್ಳುವವರು ಸಂಕೋಚವಿಲ್ಲದೆ 'ಸಾಹಿತ್ಯ' ಎಂದು ಬರೆದರು. ನನ್ನ ಸರದಿಗೆ ಪೆನ್ನು ನಿಂತುಬಿಟ್ಟಿತು. ನನಗೂ ಒಂದು ಹವ್ಯಾಸವಿತ್ತು, ಆದರೆ ಅದು ನಾಲ್ಕು ಜನರೆದುರು ಹೇಳುವಂಥದ್ದಲ್ಲ. ನಿಮಗೆ ಹೇಳಬಹುದು. ನೀವು ನಮ್ಮ ವಾಕಿಂಗಿಗೆ ಬರುವುದಿಲ್ಲ.

ಸವಣೂರಿನಲ್ಲಿ ಹೈಸ್ಕೂಲು ಮಾಸ್ತರನಾಗಿದ್ದಾಗ, ಬಿಡುವಿನ ವೇಳೆಯಲ್ಲಿ ನಾನು ಹೆಸರಿಲ್ಲದ ತಕರಾರು ಅರ್ಜಿ ಬರೆಯುತ್ತಿದ್ದೆ. ಮೊದಮೊದಲು ತುಂಬಿದ ಗಟಾರ, ಉರಿಯದ ಬೀದಿದೀಪ ಎಂದು ನ್ಯಾಯವಾದ ವಿಷಯಗಳೇ ಇದ್ದವು. ಅವು ಮುಗಿದ ಮೇಲೆ ಚಟಕ್ಕೆ ಮೇವು ಬೇಕಲ್ಲ? ಚಹಾದಂಗಡಿಯ ಮುಂದೆ ಕೇರಂ ಆಡುವವರ ಮೇಲೆ ಬರೆದೆ. ಬೋರ್ಡು ಒಳಗೆ ಹೋಯಿತು, ಆಡುವವರು ಸುಮ್ಮನೆ ರಸ್ತೆ ನೋಡುತ್ತ ಕುಳಿತರು, ನನಗೆ ರಾಜ್ಯ ಗೆದ್ದಷ್ಟು ಸಂತೋಷವಾಯಿತು. ಪ್ರತಿ ಅರ್ಜಿಯ ಕೊನೆಗೆ 'ಇಂತಿ, ನೊಂದ ನಾಗರಿಕ' ಎಂದಿರುತ್ತಿತ್ತು. ಹೊಟ್ಟೆ ತುಂಬ ಉಂಡು, ಮಜ್ಜಿಗೆ ಕುಡಿದು, ಎಲೆ ಅಡಿಕೆ ಹಾಕಿಕೊಂಡು ಇಷ್ಟು ಸುಖವಾಗಿ ನೊಂದವನು ಆ ತಾಲೂಕಿನಲ್ಲಿ ಇನ್ನೊಬ್ಬನಿರಲಿಲ್ಲ.

ಈ ಗುಟ್ಟು ನನ್ನ ಹೆಂಡತಿ ಶಾಂತಾಗೆ ಮಾತ್ರ ಗೊತ್ತಿತ್ತು.

"ಅವರು ಕೇರಂ ಆಡಿದ್ರ ನಿಮ್ಮದೇನ ಹೊಕ್ಕೈತ್ರಿ?" ಎಂದು ಕೇಳಿದಳು.

"ಸಾರ್ವಜನಿಕ ಶಿಸ್ತು," ಎಂದೆ.

"ನಿಮಗ ಆಡಾಕ ಬರೂದಿಲ್ಲ. ಅದಕ್ಕ."

ನಮ್ಮ ಪಕ್ಕದ ಮನೆಯ ಮೌಲಾಸಾಬರು ವೀಳ್ಯದೆಲೆ ವ್ಯಾಪಾರಿ. ದಿನವಿಡೀ ಎಲೆ ಕಟ್ಟಿ ಮಾರಿ ಬಂದವರು ಸಂಜೆಯಾಯಿತೆಂದರೆ ಮಾಳಿಗೆ ಹತ್ತುತ್ತಿದ್ದರು. ಅಲ್ಲಿ ಅವರ ಪಾರಿವಾಳದ ಗೂಡು. ಬಿದಿರಿನ ತುದಿಗೆ ಕಟ್ಟಿದ ಬಟ್ಟೆ ಬೀಸಿ, ಸಿಳ್ಳೆ ಹಾಕಿ ಹಕ್ಕಿಗಳನ್ನು ಹಾರಿಸುತ್ತಿದ್ದರು. ಬೆಳೆದ ಗಂಡಸು, ಬಾಯಿ ತೆರೆದು, ಕತ್ತು ನೋಯುವ ತನಕ ಆಕಾಶ ನೋಡುತ್ತ ನಗುತ್ತಿದ್ದರು. ಕೆಳಗೆ ಅಂಗಳದಲ್ಲಿ ನಾನು, ನನ್ನ ಮುಂದೆ ಉತ್ತರ ಪತ್ರಿಕೆಗಳ ಕಟ್ಟು. ಅಷ್ಟು ಸಂತೋಷವನ್ನು ಪಕ್ಕದ ಮನೆಯಲ್ಲಿಟ್ಟುಕೊಂಡು ಬದುಕುವುದು ಸುಲಭವಲ್ಲ ನೋಡಿ. ಒಂದು ದಿನ ಒಣಹಾಕಿದ ನನ್ನ ಧೋತರದ ಮೇಲೆ ಒಂದು ಹಿಕ್ಕೆ ಬಿತ್ತು. ಒಂದೇ ಒಂದು. ಅದನ್ನು ನಾನು ಎರಡು ಪುಟಗಳಷ್ಟು ಹಿಗ್ಗಿಸಿದೆ. ಸಾಂಕ್ರಾಮಿಕ ರೋಗ, ಮಕ್ಕಳ ಭವಿಷ್ಯ, ಓಣಿಯ ಘನತೆ, ಎಲ್ಲವೂ ಅದರಲ್ಲಿ ಬಂದವು.

ಗೂಡು ತೆಗೆಯಬೇಕೆಂದು ಪುರಸಭೆಯಿಂದ ನೋಟಿಸು ಬಂತು. ಅದನ್ನು ಹಿಡಿದುಕೊಂಡು ಮೌಲಾಸಾಬರು ನೇರವಾಗಿ ನಮ್ಮ ಮನೆಗೇ ಬಂದರು. ಇನ್ನೊಂದು ಕೈಯಲ್ಲಿ ಒಂದು ಕಟ್ಟು ಎಲೆ.

"ಇದಕ್ಕೊಂದು ಉತ್ತರ ಬರದು ಕೊಡ್ರಿ ಮಾಸ್ತರ. ಓಣ್ಯಾಗ ನಿಮ್ಮಂಗ ಬರಿಯೋರು ಯಾರದಾರ?" ಎಂದರು. ಆಮೇಲೆ ದನಿ ತಗ್ಗಿಸಿದರು. "ಯಾರೋ ಭಾಳ ನೊಂದಾರಂತ್ರಿ. ಹೆಸರ ಹಾಕಿದ್ರ ಅವರ ಮನೀಗೆ ಹೋಗಿ ಮಾಫಿ ಕೇಳ್ತಿದ್ದೆ. ಈಗ ಎಲ್ಲಿ ಅಂತ ಹುಡಕ್ಲಿ?"

ಅಡುಗೆಮನೆಯಲ್ಲಿ ಶಾಂತಾಳ ಕೈಯಿಂದ ಪಾತ್ರೆಯೊಂದು ಜಾರಿ ಬಿದ್ದ ಸದ್ದಾಯಿತು. ಜಾರಿತೋ, ಬೀಳಿಸಿದಳೋ.

ಬರೆದುಕೊಟ್ಟೆ. ನಾಚಿಕೆಗೇಡಿನ ಮಾತೆಂದರೆ, ಬರೆಯತೊಡಗಿದ ಮೇಲೆ ನನಗೆ ಹುರುಪು ಬಂದುಬಿಟ್ಟಿತು. ನನ್ನ ವಾದವನ್ನೇ ಒಂದೊಂದಾಗಿ ಎಳೆದು ಹರಿದುಹಾಕಿದೆ. ನೊಂದ ನಾಗರಿಕನನ್ನು 'ಮತ್ಸರದ ಮನುಷ್ಯ' ಎಂದು ಜರಿದೆ. ಅದು ನಾನು ಬರೆದ ಅರ್ಜಿಗಳಲ್ಲೆಲ್ಲ ಅತ್ಯಂತ ಸತ್ಯವಾದ ಅರ್ಜಿ.

"ನೀವೂ ಬರ್ರಿ" ಎಂದು ಮೌಲಾಸಾಬರು ನನ್ನನ್ನು ಕಚೇರಿಗೂ ಕರೆದೊಯ್ದರು. ಗುಮಾಸ್ತರು ಉತ್ತರ ಓದಿ, ಹಳೆಯ ಫೈಲು ತೆಗೆದು, ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ನನ್ನದು ಶಾಲೆಯಲ್ಲೇ ಹೆಸರಾದ ದುಂಡನೆಯ ಅಕ್ಷರ. ಅದನ್ನು ಮರೆಮಾಚಿ ಬರೆಯಲು ಎಂದೂ ಮನಸ್ಸು ಬಂದಿರಲಿಲ್ಲ. ಗುಮಾಸ್ತರು ನನ್ನ ಮುಖ ನೋಡಿದರು. ಮೌಲಾಸಾಬರು ಬಗ್ಗಿ ಕಾಗದಗಳನ್ನು ನೋಡಿದರು.

"ಎರಡೂ ಒಂದ ಬಳ್ಳಿ ಎಲಿ ಅದಾವಲ್ರಿ," ಎಂದರು.

ತಕರಾರು ಹಿಂದಕ್ಕೆ ಪಡೆದೆ. ಅಂದು ಮೊದಲ ಸಲ ನನ್ನ ನಿಜವಾದ ಹೆಸರಿನಲ್ಲಿ ಸಹಿ ಹಾಕಿದೆ. ದಾರಿಯುದ್ದಕ್ಕೂ ಅವರು ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು. ಬೈದಿದ್ದರೆ ಎದುರು ಮಾತಾಡಿಯಾದರೂ ಬದುಕಿಕೊಳ್ಳುತ್ತಿದ್ದೆ. ಒಂದು ವಾರದ ಮೇಲೆ, ಸಂಜೆ, ಮಾಳಿಗೆಯಿಂದ ದನಿ ಬಂತು: "ಮಾಸ್ತರ, ಮ್ಯಾಲೆ ಬರ್ರಿ. ಕೆಳಗ ಕುಂತ್ರ ಬರೇ ಹಿಕ್ಕಿ ಕಾಣತೈತಿ." ಪೇಪರು ತಿದ್ದುವುದಿದೆ ಎಂದು ಸುಳ್ಳು ಹೇಳಿದೆ. ಆ ವರ್ಷವೇ ನನಗೆ ವರ್ಗವಾಯಿತು. ಊರು ಬಿಟ್ಟ ಮೇಲೆ ಅರ್ಜಿ ಬರೆಯಲಿಲ್ಲ, ಬೇರೇನೂ ಕಲಿಯಲೂ ಇಲ್ಲ.

ಮೊನ್ನೆ ಆ ಹವ್ಯಾಸದ ಹಾಳೆಯಲ್ಲಿ ನನ್ನ ಸಾಲನ್ನು ಖಾಲಿ ಬಿಟ್ಟು, ಹಾವೇರಿ ಬಸ್ಸು ಹತ್ತಿ, ಅಲ್ಲಿಂದ ಸವಣೂರಿಗೆ ಹೋದೆ. ಮೌಲಾಸಾಬರ ಗಡ್ಡ ಪೂರ್ತಿ ಬೆಳ್ಳಗಾಗಿದೆ, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. ನಾನೂ ಹಿಂದೆಯೇ ಹತ್ತಿದೆ. ಹಕ್ಕಿಗಳು ಗೂಡಿಗೆ ಮರಳುವ ಹೊತ್ತು.

"ಮೌಲಾಸಾಬ್ರ, ಅವತ್ತ ನಾ ಮಾಫಿ ಕೇಳೂದು ಉಳದಿತ್ತು," ಎಂದೆ. ಇಷ್ಟು ವರ್ಷ ತಿದ್ದಿ ತೀಡಿಟ್ಟ ವಾಕ್ಯ ಅದು.

"ತಡೀರಿ ಮಾಸ್ತರ, ಮಾತಾಡಿದ್ರ ಎಣಿಕಿ ತಪ್ಪತೈತಿ," ಎಂದರು ಮೇಲೆ ನೋಡುತ್ತಲೇ. ಆಮೇಲೆ, "ಒಂದ ಬಂದಿಲ್ಲ."

ಇಬ್ಬರೂ ಆಕಾಶ ನೋಡುತ್ತ ನಿಂತೆವು. ಕತ್ತು ನೋಯತೊಡಗಿತು. ದೂರದಲ್ಲಿ ಒಂದು ಚುಕ್ಕೆ ಕಂಡಿತು.

"ಅಗಾ, ಬಂತ ನೋಡ್ರಿ!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ.

"ಅದು ಕಾಗಿ ಐತ್ರಿ," ಎಂದರು ಮೌಲಾಸಾಬರು. ನಾನು ಬಾಯಿ ತೆರೆದುಕೊಂಡು ಮತ್ತೆ ಮೇಲೆ ನೋಡಿದೆ.