ಸ್ಪೇನಿನಾಕೆ ನಮ್ಮ ಮನೆಯಲ್ಲಿ ಅತ್ತದ್ದು

ಸತ್ತವರ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ನಮ್ಮೂರು ಶಲವಡಿಯಲ್ಲಿ ನಮ್ಮವ್ವನನ್ನು ಮೀರಿಸುವವರಿರಲಿಲ್ಲ. ಒಬ್ಬಳು ಉಸಿರಿಗೆ ನಿಂತಲ್ಲಿ ಇನ್ನೊಬ್ಬಳು ಹಾಡು ಎತ್ತಿಕೊಳ್ಳಬೇಕು, ಸತ್ತವರ ಗುಣ ಹೇಳಿ ಕರೆಯಬೇಕು; ಅದು ರೂಢಿ. ಅಂಥ ಅವ್ವ, ನನ್ನಕ್ಕ ಹಸಿ ಕೂಸನ್ನು ಬಿಟ್ಟು ಬಾಣಂತನದಲ್ಲಿ ತೀರಿಕೊಂಡಾಗ ಬಾಯಿಯೇ ತೆರೆಯಲಿಲ್ಲ. ಎಂಟು ತಿಂಗಳಾದರೂ ಅಳಲಿಲ್ಲ, ಹೊಟ್ಟೆ ತುಂಬ ಉಣ್ಣಲೂ ಇಲ್ಲ. ಬರೀ ಎಲುಬಾಗಿದ್ದಳು.

"ಊರಿಗೆಲ್ಲಾ ಅಳ್ತಿ, ಹಡದ ಮಗಳಿಗೆ ಒಂದು ಹನಿ ಇಲ್ಲೇನು?" ಎಂದು ಮುಖಕ್ಕೆ ಹೊಡೆದಂತೆ ಕೇಳಿದ್ದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಅವ್ವ ಹೀಗೇ ಒಣಗಿ ಹೋಗುತ್ತಾಳೆಂಬ ಭಯ ನನಗೆ.

ಎಂಬತ್ತರ ದಶಕದ ಆ ಬೇಸಿಗೆಯಲ್ಲಿ ಅಪ್ಪನ ತಮ್ಮ, ಹುಬ್ಬಳ್ಳಿಯ ರೈಲ್ವೆಯಲ್ಲಿದ್ದ ಕಾಕಾ, ಟೇಪ್ ರೆಕಾರ್ಡರ್ ತಂದ. ಜೊತೆಗೆ ಗೋವಾದ ಗೆಳೆಯ ಕೊಟ್ಟ ಕ್ಯಾಸೆಟ್ಟು. ಅದರ ಮೇಲೆ ತುರುಬಿಗೆ ಕೆಂಪು ಹೂ ಮುಡಿದ ಹೆಂಗಸು. ಸ್ಪೇನ್ ದೇಶದ ಬಡವರ ಮಗಳಂತೆ. ಹಳೆಯ ಹಾಡುಗಳಿಗೆ ಹೊಸ ವಾದ್ಯ ಕೂಡಿಸಿ ಹಾಡಿ, ದೇಶಕ್ಕೇ ಮನೆಮಗಳಾದಳಂತೆ. ಸಿನಿಮಾ ಹಾಡು ಬೇಕಿದ್ದ ನನಗೆ ಸಿಟ್ಟು ಬಂದಿತ್ತು.

ಮಧ್ಯಾಹ್ನ ಕಾಕಾ ಅದನ್ನು ಹಚ್ಚಿದ. ಚಪ್ಪಾಳೆ, ಗಿಟಾರು, ಆಮೇಲೆ ಹೊಟ್ಟೆಯೊಳಗಿಂದ ಕಿತ್ತು ಬಂದಂಥ ಒಂದು ಉದ್ದನೆಯ "ಆಯ್". ಜೋಳ ಹಸನು ಮಾಡುತ್ತಿದ್ದ ಅವ್ವನ ಮೊರ ನಿಂತಿತು. ಹಾಡುವವಳು ಉಸಿರು ತೆಗೆದುಕೊಳ್ಳಲು ನಿಂತಳು. ಅವ್ವ ಎತ್ತಿಕೊಂಡಳು.

"ತೊಟ್ಟಿಲಾ ತೂಗಾಕ ಯಾರನ್ನ ಇಟ್ಟು ಹೋದೆವ್ವಾ ನನ ಮಗಳ..."

ಅವಳು ಬಿಟ್ಟಲ್ಲಿ ಇವಳು, ಇವಳು ಬಿಟ್ಟಲ್ಲಿ ಅವಳು. ಒಂದು ಎಳೆಯೂ ತಪ್ಪಲಿಲ್ಲ. ಯಾರು ಸತ್ತರೋ ಎಂದು ಓಣಿಯ ಹೆಂಗಸರು ಸೆರಗು ಹೊದ್ದು ಬಂದರು. ಹೆಣ ಕಾಣದಿದ್ದರೂ ಗೋಡೆಗೆ ಒರಗಿ ಕೂತರು. ಅಳುವ ಮನೆಗೆ ಬಂದವರು ನಡುವೆ ಏಳುವಂತಿಲ್ಲ.

ಕಾಕಾ ಹೆದರಿ ಟೇಪ್ ಬಂದ್ ಮಾಡಿದ.

"ಹಚ್ಚು. ಆಕೀದಿನ್ನಾ ಮುಗಿದಿಲ್ಲ," ಎಂದಳು ಅವ್ವ, ಕಣ್ಣು ತೆರೆಯದೆ.

"ವೈನಿ, ಆಕಿ ಸತ್ತು ನಾಕು ವರ್ಷ ಆತ್ರಿ."

ಅವ್ವ ಮೊರ ಬದಿಗಿಟ್ಟಳು. "ಗೊತ್ತೈತಿ. ನನ್ನ ಮಗಳು ಆಕೀ ಬಾಜುಕ ಕುಂತಾಳ."

ಕಾಕಾ ಮತ್ತೆ ಹಚ್ಚಿದ. ಹಾಡಿನ ಹಿಂದೆ, ದೂರದಲ್ಲಿ, ಇನ್ನೊಬ್ಬ ಹೆಂಗಸು ಒಮ್ಮೆ ಕೂಗಿದಳು. ಹಾಡುವವರಿಗೆ ಹುರುಪು ತುಂಬಲು ಅಲ್ಲಿಯವರು ಹಾಗೆ ಕೂಗುತ್ತಾರೆಂದು ಕಾಕಾ ಆಮೇಲೆ ಎಲ್ಲರಿಗೂ ತಿಳಿಸಿ ಹೇಳಿದ. ಇರಬಹುದು. ಅವ್ವ ಮಾತ್ರ ಆ ಕೂಗಿಗೆ "ಓ" ಎಂದಳು, ಎಂಟು ತಿಂಗಳ ಕಣ್ಣೀರು ಒಮ್ಮೆಲೇ ಹರಿಯಿತು. ಸಂಜೆ ತಾನಾಗಿಯೇ ಕೇಳಿ ಎರಡು ರೊಟ್ಟಿ ಉಂಡಳು.

ಹಾಡಿನ ಹಿಂದಿನ ಆ ಕೂಗು ಅಕ್ಕನ ದನಿ. ನಾನೂ ಗುರುತು ಹಿಡಿದಿದ್ದೆ, ಯಾರಿಗೂ ಹೇಳಲಿಲ್ಲ.